ತೆಳು ತಗಡಿಗೆ ತಕ್ಕ ಫಿಲ್ಲರ್ ರಾಡ್: 1.6ರಿಂದ 0.8ಕ್ಕೆ ಇಳಿದ ಮೇಲೆ

ನೇರವಾಗಿ ವಿಷಯಕ್ಕೆ ಬರುತ್ತೇನೆ. 1 ಮಿ.ಮೀ.ಗಿಂತ ತೆಳುವಾದ ತಗಡನ್ನು ಟಿಗ್‌ನಲ್ಲಿ (ಟಾರ್ಚ್‌ನ ಟಂಗ್‌ಸ್ಟನ್ ಮೊನೆಯಿಂದ ವಿದ್ಯುತ್ ಆರ್ಕ್ ಹೊತ್ತಿಸಿ, ಆರ್ಗಾನ್ ಗ್ಯಾಸ್‌ನ ಮರೆಯಲ್ಲಿ ಬೆಸೆಯುವ ವಿಧಾನ) ಬೆಸೆಯುವವರು 1.6 ಮಿ.ಮೀ. ಫಿಲ್ಲರ್ ರಾಡನ್ನು (ಬೆಸುಗೆಗೆ ಕರಗಿಸಿ ತುಂಬುವ ಲೋಹದ ಕಡ್ಡಿ) ದಯವಿಟ್ಟು ಪಕ್ಕಕ್ಕಿಡಿ. ಅದು ಕೆಟ್ಟ ರಾಡ್ ಅಲ್ಲ. ಆ ಕೆಲಸಕ್ಕೆ ಅದು ದಪ್ಪ, ಅಷ್ಟೇ. ಇದು ಗೊತ್ತಿಲ್ಲದೆ ನಾನು ಹತ್ತಿರ ಹತ್ತಿರ ಆರು ತಿಂಗಳು ಮಷಿನ್ ಮೇಲೆ ಅನುಮಾನ ಪಟ್ಟೆ, ಟಾರ್ಚ್ ಮೇಲೆ ಅನುಮಾನ ಪಟ್ಟೆ, ಗ್ಯಾಸ್ ಸರಿ ಇಲ್ಲವೇನೋ ಅಂತ ಸಿಲಿಂಡರ್ ಕೂಡ ಬದಲಾಯಿಸಿದೆ. ತೊಂದರೆ ಇದ್ದದ್ದು ಎಡಗೈಯಲ್ಲಿ ಹಿಡಿದ ಕಡ್ಡಿಯಲ್ಲಿ.

ಆಮೇಲೆ ತೆಳು ರಾಡ್ ಹುಡುಕಲು ಹೊರಟೆ. ಅದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಎಲ್ಲಿ ಕೇಳಿದರೂ 1.6, 2.4, 3.2 ಈ ಮೂರೇ. 1.2 ಕೆಲವು ಕಡೆ ಉಂಟು. ಅದಕ್ಕಿಂತ ಕೆಳಗೆ ಕೇಳಿದರೆ "ಅಷ್ಟು ತೆಳು ಯಾಕೆ ಬೇಕು, ಇದರಲ್ಲೇ ಮಾಡಿ" ಅನ್ನುವ ಉತ್ತರ. ಕೊನೆಗೆ ನಾಲ್ಕು ಥರದ್ದು ಹೊಂದಿಸಿಕೊಂಡು ಒಂದೊಂದನ್ನೂ ಬಳಸಿ ನೋಡಿದೆ. ರೆಡಿ ಸಿಗುವ 1.0 ಮಿ.ಮೀ. ಸ್ಟೇನ್‌ಲೆಸ್ ರಾಡ್. 0.8 ಅಂತ ಹೇಳಿ ಮಾರಿದ ಮೈಲ್ಡ್ ಸ್ಟೀಲ್ ರಾಡ್. ತಂತಿಯನ್ನು ತಾನೇ ತಳ್ಳಿ ಕರಗಿಸಿ ಬೆಸೆಯುವ ಮಿಗ್ ಮಷಿನ್‌ಗೆ ಹಾಕುವ 0.8 ತಂತಿಯ ಸ್ಪೂಲ್ (ಸುರುಳಿ). ಮತ್ತೆ ಬೆಸೆಯಬೇಕಾದ ತಗಡಿನಿಂದಲೇ ಕತ್ತರಿಸಿದ ಸಣ್ಣ ಪಟ್ಟಿ. ಯಾವುದು ಹೇಗೆ ನಡೆಯಿತು ಅನ್ನುವುದೇ ಈ ಬರಹ.

ಮೊದಲು, ದಪ್ಪ ರಾಡ್ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. 0.8 ಮಿ.ಮೀ. ತಗಡಿನ ಒಂದು ಹಳೆ ಪೆಟ್ಟಿಗೆ. ತುಕ್ಕು ತಿಂದ ಜಾಗ ಕತ್ತರಿಸಿ ತೆಗೆದು ಅಲ್ಲಿಗೆ ಹೊಸ ತುಂಡು ಕೂರಿಸಬೇಕಿತ್ತು. ಅಂಚಿಗೆ ಅಂಚು ಹೊಂದಿಸಿ ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟು ಬೆಸುಗೆ) ಹಾಕಿದ್ದೆ. ಮಷಿನ್ 30 ಆಂಪ್‌ಗೆ ಇಟ್ಟಿದ್ದೆ. ಸ್ಟೀಲಿಗೆ 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ ಅನ್ನುವ ಲೆಕ್ಕ ಇದೆಯಲ್ಲ, ಆ ಲೆಕ್ಕಕ್ಕೆ ಅದು ಸರಿಯಾಗೇ ಇತ್ತು. ಆರ್ಕ್ ಹೊತ್ತಿತು. ಬೆಂಕಿಕಡ್ಡಿಯ ತಲೆಯಷ್ಟು ಅಗಲದ ಕೊಳ ಕರಗಿ ಕನ್ನಡಿಯ ಹಾಗೆ ಹೊಳೆಯಿತು. ಅದಕ್ಕೆ 1.6 ರಾಡಿನ ತುದಿ ಮುಟ್ಟಿಸಿದೆ. ಮುಟ್ಟಿದ ಕೂಡಲೇ ಹೊಳಪು ಹೋಯಿತು. ಕೊಳ ಮಂಕಾಗಿ ಹೆಪ್ಪುಗಟ್ಟಿತು, ರಾಡ್ ಅಲ್ಲೇ ಅಂಟಿಕೊಂಡಿತು. ಬಿಡಿಸಬೇಕು ಅಂತ ಕರೆಂಟ್ ಏರಿಸುವ ಪೆಡಲ್ ಒತ್ತಿದೆ. ರಾಡ್ ಕರಗಿತು, ನಿಜ. ಆದರೆ ಅದರ ಜೊತೆ ಎರಡೂ ಕಡೆಯ ಅಂಚುಗಳೂ ಕರಗಿ ಹಿಂದಕ್ಕೆ ಸರಿದವು, ನಡುವೆ ತೂತು ಬಿತ್ತು. ತೂತು ಮುಚ್ಚಲು ಇನ್ನಷ್ಟು ರಾಡ್, ಅದನ್ನು ಕರಗಿಸಲು ಇನ್ನಷ್ಟು ಬಿಸಿ, ಆ ಬಿಸಿಗೆ ತಗಡು ಸೊಟ್ಟ. ಕೊನೆಗೆ ಉಳಿದದ್ದು ಗುಡ್ಡೆ ಗುಡ್ಡೆಯಾದ ಬೀಡ್ (ಬೆಸುಗೆಯ ಗೆರೆ). ಅದನ್ನು ಗ್ರೈಂಡರ್ ಹಿಡಿದು ಸಮ ಮಾಡಲು ಹೋದರೆ ಪಕ್ಕದ ತಗಡೇ ಸವೆದು ಇನ್ನೂ ತೆಳುವಾಯಿತು. ರೇಷ್ಮೆ ಬಟ್ಟೆಯನ್ನು ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದರೆ ಏನಾಗುತ್ತದೋ ಅದೇ ಆಯಿತು.

ಇದರ ಹಿಂದೆ ಒಂದು ಸಣ್ಣ ಲೆಕ್ಕ ಇದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ತಗಡು ಉಳಿಯುತ್ತಿತ್ತು, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. 1.6 ಅಂದರೆ 0.8ರ ಎರಡರಷ್ಟು ಅಂತ ನಮ್ಮ ಕಣ್ಣು ಹೇಳುತ್ತದೆ. ಆದರೆ ಕರಗಬೇಕಾದ ಲೋಹ ಎರಡರಷ್ಟಲ್ಲ, ನಾಲ್ಕರಷ್ಟು. 1.6 ರಾಡನ್ನು ಅಡ್ಡ ಕತ್ತರಿಸಿ ನೋಡಿದರೆ ಅದರ ಮುಖ 2 ಚದರ ಮಿ.ಮೀ., 0.8ರದ್ದು ಬರೀ ಅರ್ಧ ಚದರ ಮಿ.ಮೀ. 1.0 ರಾಡಿನದ್ದು ಸುಮಾರು 0.8 ಚದರ ಮಿ.ಮೀ. ಈಗ 0.8 ತಗಡಿನ ಮೇಲೆ ನಿಮಗೆ ಬೇಕಾದ ಬೀಡ್ ಎಂಥದ್ದು? ಎರಡೂವರೆ ಮಿ.ಮೀ. ಅಗಲ, ತಗಡಿನ ಮೇಲೆ ಸುಮಾರು 0.3 ಮಿ.ಮೀ. ಉಬ್ಬು. ಅಷ್ಟು ಉಬ್ಬಿಗೆ ಬೇಕಾಗುವ ಲೋಹ ಹೆಚ್ಚುಕಡಿಮೆ ಅರ್ಧ ಚದರ ಮಿ.ಮೀ. ಅಂದರೆ 0.8 ರಾಡ್ ಹಿಡಿದರೆ 10 ಮಿ.ಮೀ. ಬೆಸುಗೆಗೆ 10 ಮಿ.ಮೀ. ರಾಡ್ ಹೋಗುತ್ತದೆ. ಮುಂದಕ್ಕೆ ಹೋದಷ್ಟೇ ರಾಡ್ ಕೊಟ್ಟರೆ ಆಯಿತು, ಕೈಗೆ ಅದು ಸಲೀಸು. 1.6 ಹಿಡಿದರೆ ಅದೇ 10 ಮಿ.ಮೀ. ಬೆಸುಗೆಗೆ ಬೇಕಾಗುವುದು 2.5 ಮಿ.ಮೀ. ರಾಡ್ ಮಾತ್ರ! ಅದನ್ನು ನಾಲ್ಕು ಸಲ ಮುಟ್ಟಿಸಿ ಕೊಡುತ್ತೀರಿ ಅಂದರೆ ಒಂದೊಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಒಂಚೂರು ಜಾಸ್ತಿ. ಹೆಲ್ಮೆಟ್ ಒಳಗಿಂದ ನೋಡಿಕೊಂಡು, ಗ್ಲವ್ಸ್ ಹಾಕಿದ ಕೈಯಲ್ಲಿ, ಅರ್ಧ ಮಿ.ಮೀ. ಅಳತೆಯಲ್ಲಿ ಲೋಹ ಕೊಡುವುದು ಯಾರಿಗೆ ಸಾಧ್ಯ ಹೇಳಿ? ಹಾಗಾಗಿ ಪ್ರತಿ ಸಲವೂ ಜಾಸ್ತಿಯೇ ಬೀಳುತ್ತದೆ. ಇಷ್ಟು ದಿನ ನಿಮ್ಮ ಕೈ ಸರಿ ಇಲ್ಲ ಅಂದುಕೊಂಡಿದ್ದರೆ, ಒಂದು ಸಲ ರಾಡಿನ ಅಳತೆ ನೋಡಿಕೊಳ್ಳಿ.

ನಾನು ಈಗ ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ರಾಡ್ ತಗಡಿಗಿಂತ ದಪ್ಪ ಇರಬಾರದು. ಒಂದಕ್ಕೊಂದು ಸಮ ಇದ್ದರೆ ಒಳ್ಳೆಯದು, ಸ್ವಲ್ಪ ತೆಳು ಇದ್ದರೂ ನಡೆಯುತ್ತದೆ.

ಈಗ ಒಂದೊಂದಾಗಿ.

1.0 ಮಿ.ಮೀ. ಇಆರ್308ಎಲ್ ರಾಡ್, ಸ್ಟೇನ್‌ಲೆಸ್. ಪ್ಲಾಸ್ಟಿಕ್ ಕೊಳವೆಯಲ್ಲಿ ಬಂತು. ಗ್ರೇಡ್, ಅಳತೆ, ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನುವ ಗುರುತು) ಎಲ್ಲ ಲೇಬಲ್ ಮೇಲೆ ಸ್ಪಷ್ಟವಾಗಿ ಇತ್ತು. ಒಂದು ಮೀಟರ್ ಉದ್ದ, ನೇರ. ಮೈಕ್ರೋಮೀಟರ್‌ನಲ್ಲಿ ಮೂರು ಕಡೆ ಅಳೆದೆ, ಮೂರೂ ಕಡೆ 1.00 ಬಂತು. ಬಟ್ಟೆಯಲ್ಲಿ ಅಸಿಟೋನ್ ಹಾಕಿ ಒರೆಸಿದರೆ ಬಟ್ಟೆ ಕಪ್ಪಾಗಲಿಲ್ಲ. ನನಗೆ ಅಲ್ಲೇ ನಂಬಿಕೆ ಬಂತು. 1 ಮಿ.ಮೀ. 304 ಗ್ರೇಡ್ ಸ್ಟೇನ್‌ಲೆಸ್ ತಗಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕೊಳಕ್ಕೆ ಮುಟ್ಟಿಸಿದರೆ ತಣ್ಣಗಾಗುವುದಿಲ್ಲ, ತುದಿ ಮೆತ್ತಗೆ ಒಳಗೆ ಸೇರಿಕೊಳ್ಳುತ್ತದೆ. ಹೆಸರಿನ ಕೊನೆಯ ಎಲ್ ಅಂದರೆ ಇಂಗಾಲ ಕಡಿಮೆ, 0.03 ಶೇಕಡಾ ಮೀರದ ಹಾಗೆ ಇರುತ್ತದೆ ಅಂತ ಅರ್ಥ. ಬೆಸುಗೆಯ ಲೋಹಕ್ಕೆ ಮುಂದೆ ತುಕ್ಕು ಹಿಡಿಯುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತದೆ. 316 ತಗಡಾದರೆ 316ಎಲ್ ತನ್ನಿ, ಸ್ಟೇನ್‌ಲೆಸ್ ಮತ್ತು ಮೈಲ್ಡ್ ಸ್ಟೀಲ್ ಎರಡನ್ನೂ ಸೇರಿಸುವುದಾದರೆ 309ಎಲ್.

0.8 ಸ್ಟೇನ್‌ಲೆಸ್ ತಗಡಿಗೂ ಇದೇ 1.0 ಬಳಸಿದೆ. ನಡೆಯುತ್ತದೆ, ಆದರೆ ಎಚ್ಚರ ಬೇಕು. ಸ್ಟೇನ್‌ಲೆಸ್ ಬಿಸಿಯನ್ನು ಬೇಗ ಹರಡಿಕೊಳ್ಳುವುದಿಲ್ಲ, ಮೈಲ್ಡ್ ಸ್ಟೀಲಿಗಿಂತ ಹಿಗ್ಗುವುದೂ ಜಾಸ್ತಿ. ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೂ ತಗಡು ಅಲೆ ಅಲೆಯಾಗಿ ಏಳುತ್ತದೆ. ಹಿಂದೆ ತಾಮ್ರದ ದಪ್ಪ ಪಟ್ಟಿ ಒತ್ತಿ ಕ್ಲಾಂಪ್ ಹಾಕಿದ ಮೇಲೆ ಇದು ಹಿಡಿತಕ್ಕೆ ಬಂತು. ತಾಮ್ರ ಬಿಸಿಯನ್ನು ಎಳೆದುಕೊಳ್ಳುತ್ತದೆ, ಬೆಸುಗೆಗೆ ಅಂಟಿಕೊಳ್ಳುವುದೂ ಇಲ್ಲ. ತೂತು ಬೀಳುವುದು ಅರ್ಧಕ್ಕರ್ಧ ಕಡಿಮೆಯಾಯಿತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಈ ರಾಡ್ ಬಗ್ಗೆ ನನ್ನ ಮಾತು: ಸಿಕ್ಕರೆ ಬಿಡಬೇಡಿ.

ಎರಡನೆಯದು, 0.8 ಅಂತ ಹೇಳಿ ಮಾರಿದ ಮೈಲ್ಡ್ ಸ್ಟೀಲ್ ರಾಡ್. ಆನ್‌ಲೈನ್‌ನಲ್ಲಿ ತರಿಸಿದ್ದು, ಮಾರಿದವರ ಹೆಸರು ಬೇಡ. ಪಾಲಿಥೀನ್ ಚೀಲದಲ್ಲಿ ಸುತ್ತಿ, ನಡುವೆ ಮಡಚಿ ಕಳಿಸಿದ್ದರು. ಮಡಚಿದ ಜಾಗದಲ್ಲಿ ಎಲ್ಲ ಕಡ್ಡಿಗಳೂ ಬಾಗಿದ್ದವು. ಲೇಬಲ್ ಇಲ್ಲ, ಗ್ರೇಡ್ ಇಲ್ಲ. ಅಳೆದು ನೋಡಿದರೆ 0.97, 1.01, 0.99. ಅಂದರೆ 1.0 ರಾಡ್. 0.8ರ ಜಾಗದಲ್ಲಿ 1.0 ಬಂದರೆ ಏನಾಯಿತು ಅನ್ನಬಹುದು. ಮೇಲಿನ ಲೆಕ್ಕ ಹಾಕಿ ನೋಡಿ, ಲೋಹ ಒಂದೂವರೆ ಪಟ್ಟಿಗಿಂತ ಜಾಸ್ತಿ. ತಾಮ್ರದ ಲೇಪನ ಅಲ್ಲಲ್ಲಿ ಎದ್ದು ಕೆಳಗೆ ತುಕ್ಕು ಕಾಣುತ್ತಿತ್ತು. ಯಾವ ಗ್ರೇಡ್ ಅಂತ ಕೇಳಿ ಬರೆದೆ. "ಎಲ್ಲ ಕೆಲಸಕ್ಕೂ ಆಗುತ್ತದೆ" ಅಂತ ಉತ್ತರ ಬಂತು. ಆದರೂ ಒರೆಸಿ, ಉಜ್ಜಿ, ಒಂದು ಚೂರಿನ ಮೇಲೆ ಬೆಸೆದು ನೋಡಿದೆ. ಬೀಡ್ ಉದ್ದಕ್ಕೂ ಸೂಜಿಮೊನೆ ಗಾತ್ರದ ತೂತುಗಳು. ಅದೇ ಮಷಿನ್, ಅದೇ ಗ್ಯಾಸ್, ಅದೇ ದಿನ ಬೇರೆ ರಾಡ್ ಹಾಕಿದರೆ ಒಂದೂ ಇಲ್ಲ. ವಾಪಸ್ ಕಳಿಸಿದೆ.

ಇಲ್ಲಿ ಒಂದು ಮಾತು. ರಾಡ್ ತೆಳುವಾದಷ್ಟೂ ಅದರ ಮೈ ಶುಚಿಯಾಗಿರಬೇಕು. ಒಂದೇ ತೂಕದ ಲೋಹ ತೆಗೆದುಕೊಂಡರೆ 1.6 ರಾಡಿಗಿಂತ 0.8 ರಾಡಿನಲ್ಲಿ ಹೊರಮೈ ಎರಡರಷ್ಟು ಇರುತ್ತದೆ. ಎಣ್ಣೆ, ತುಕ್ಕು, ಬೆವರು, ಧೂಳು ಏನೇ ಇರಲಿ, ಕೊಳಕ್ಕೆ ಬೀಳುವುದೂ ಎರಡರಷ್ಟು. ದಪ್ಪ ರಾಡಿನಲ್ಲಿ ನಡೆದುಹೋಗುವ ಕೊಳೆ ತೆಳು ರಾಡಿನಲ್ಲಿ ನಡೆಯುವುದಿಲ್ಲ.

ಮೂರನೆಯದು ಮಿಗ್ ತಂತಿ. ನಾನು ಈ ಬರಹ ಬರೆಯಲು ಕಾರಣವೇ ಇದು.

ಮಿಗ್ ತಂತಿಯನ್ನು ಟಿಗ್‌ಗೆ ಬಳಸಬಹುದಾ ಅಂತ ನಾನೂ ಹಿಂಜರಿದಿದ್ದೆ. ಉತ್ತರ ಅದರ ಹೆಸರಿನಲ್ಲೇ ಇದೆ. ನಾನು ತಂದ ಸ್ಟೀಲ್ ತಂತಿಯ ಗ್ರೇಡ್ ಇಆರ್70ಎಸ್-6. ಅದರಲ್ಲಿ ಇ ಅಂದರೆ ಎಲೆಕ್ಟ್ರೋಡ್, ಆರ್ ಅಂದರೆ ರಾಡ್. ಮಷಿನ್ ಒಳಗಿಂದ ಕರೆಂಟ್ ಹಾಯಿಸಿ ಕರಗಿಸುವ ತಂತಿಯಾಗಿಯೂ ಆಗುತ್ತದೆ, ಕೈಯಲ್ಲಿ ಹಿಡಿದು ಕೊಡುವ ರಾಡಾಗಿಯೂ ಆಗುತ್ತದೆ ಅಂತ ಅರ್ಥ. ಎಸ್ ಅಂದರೆ ಒಳಗೆ ಗಟ್ಟಿ, ಪುಡಿ ತುಂಬಿಲ್ಲ. 70 ಅನ್ನುವುದು ಬೆಸುಗೆಯ ಬಲ, ಚದರ ಇಂಚಿಗೆ ಕನಿಷ್ಠ 70,000 ಪೌಂಡ್, ನಮ್ಮ ಲೆಕ್ಕಕ್ಕೆ ಸುಮಾರು 480 ಮೆಗಾಪಾಸ್ಕಲ್. ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಎ5.18 ಅನ್ನುವ ಒಂದೇ ನಿಯಮ ಸ್ಪೂಲ್ ತಂತಿಗೂ ನೇರ ರಾಡಿಗೂ ಅನ್ವಯಿಸುತ್ತದೆ. ಅಂದರೆ ಗ್ರೇಡ್ ಒಂದೇ ಆದರೆ ಲೋಹವೂ ಅದೇ. ಒಂದು ಸುತ್ತಿ ಬರುತ್ತದೆ, ಇನ್ನೊಂದು ನೇರ ಬರುತ್ತದೆ.

ಮುಖ್ಯವಾಗಿ, ರಾಡ್ ರೂಪದಲ್ಲಿ ಸಿಗದ ಅಳತೆಗಳು ಸ್ಪೂಲ್ ರೂಪದಲ್ಲಿ ಸುಲಭವಾಗಿ ಸಿಗುತ್ತವೆ. 0.6, 0.8, 0.9, 1.0, 1.2, ಇವೆಲ್ಲ ಮಿಗ್‌ನಲ್ಲಿ ದಿನನಿತ್ಯದ ಅಳತೆ. ನಾನು ತಂದದ್ದು 1 ಕೆ.ಜಿ.ಯ ಸಣ್ಣ ಸ್ಪೂಲ್. ತೂಕ ಸಣ್ಣದು ಅನ್ನಿಸಬಹುದು. 0.8 ಸ್ಟೀಲ್ ತಂತಿ ಒಂದು ಮೀಟರಿಗೆ 4 ಗ್ರಾಂ ಕೂಡ ತೂಗುವುದಿಲ್ಲ, ಹಾಗಾಗಿ 1 ಕೆ.ಜಿ.ಯಲ್ಲಿ ಸುಮಾರು 250 ಮೀಟರ್ ಇರುತ್ತದೆ. ಮೀಟರ್ ಉದ್ದದ 250 ರಾಡ್! ಅದೇ 1.6 ರಾಡಾದರೆ ಒಂದು ಕೆ.ಜಿ.ಗೆ 63 ಬರುತ್ತದೆ ಅಷ್ಟೇ. ಮನೆಯಲ್ಲೋ ಸಣ್ಣ ಶೆಡ್‌ನಲ್ಲೋ ಕೆಲಸ ಮಾಡುವವರಿಗೆ ಒಂದು ಸಣ್ಣ ಸ್ಪೂಲ್ ಬಹಳ ದಿನ ಬರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಒಳಗೆ ಫ್ಲಕ್ಸ್ ಅನ್ನುವ ಪುಡಿ ತುಂಬಿದ ತಂತಿಯೂ ಅದೇ ಥರದ ಸ್ಪೂಲ್‌ನಲ್ಲಿ ಬರುತ್ತದೆ. ಅದು ಟಿಗ್‌ಗೆ ಬೇಡವೇ ಬೇಡ. ಅನುಮಾನ ಇದ್ದರೆ ತಂತಿಯ ತುದಿಯನ್ನು ಚೂಪಾದ ಕಟರ್‌ನಿಂದ ಕತ್ತರಿಸಿ, ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ಗಟ್ಟಿ ತಂತಿಯಾದರೆ ಪೂರ್ತಿ ಲೋಹ ಕಾಣುತ್ತದೆ. ಫ್ಲಕ್ಸ್ ತಂತಿಯಾದರೆ ಹೊರಗೆ ತೆಳು ಲೋಹದ ಸುತ್ತು, ನಡುವೆ ಪುಡಿ.

ಈಗ ನೇರ ಮಾಡುವ ಕೆಲಸ. ಸ್ಪೂಲ್‌ನಿಂದ ಬಿಚ್ಚಿದ ತಂತಿ ಸುಮ್ನೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗೇ ಬಳಸಿದರೆ ತುದಿ ಕೊಳದ ಎಡಕ್ಕೂ ಬಲಕ್ಕೂ ಓಡುತ್ತದೆ, ಟಂಗ್‌ಸ್ಟನ್‌ಗೆ ತಾಗುತ್ತದೆ, ಆಮೇಲೆ ಮತ್ತೆ ಟಂಗ್‌ಸ್ಟನ್ ಚೂಪು ಮಾಡಲು ಎದ್ದು ಹೋಗಬೇಕು. ಕೈಯಲ್ಲಿ ಎಳೆದರೆ ನೇರ ಆಗುವುದಿಲ್ಲ, ಈ ಸ್ಟೀಲ್ ತಂತಿ ಅಷ್ಟು ಗಡುಸು. ನಾನು ಮಾಡುವುದು ಹೀಗೆ. ಎರಡು ಮೀಟರಿನಷ್ಟು ತಂತಿ ಕತ್ತರಿಸಿ ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸುತ್ತೇನೆ. ಇನ್ನೊಂದು ತುದಿ ಡ್ರಿಲ್ ಮಷಿನ್ ಚಕ್‌ಗೆ. ಹಿಂದಕ್ಕೆ ಸರಿದು ತಂತಿ ಬಿಗಿ ಆಗುವಷ್ಟು ಎಳೆದು ಹಿಡಿದು ಡ್ರಿಲ್ ನಿಧಾನಕ್ಕೆ ತಿರುಗಿಸುತ್ತೇನೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ತಂತಿಯ ಡೊಂಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಹೋಗುವುದು ಕಣ್ಣಿಗೇ ಕಾಣುತ್ತದೆ, ಒಂದು ಹಂತದಲ್ಲಿ ವೀಣೆಯ ತಂತಿಯ ಹಾಗೆ ನೇರ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಕಡಿದು ಹೋಗುತ್ತದೆ, ಕಡಿದ ತಂತಿ ಚಾಟಿಯ ಹಾಗೆ ಬೀಸುತ್ತದೆ. ಹಾಗಾಗಿ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಚಕ್ ಬಿಚ್ಚುವ ಮೊದಲು ಡ್ರಿಲ್ಲನ್ನು ಒಂದೆರಡು ಸುತ್ತು ಹಿಂದಕ್ಕೆ ತಿರುಗಿಸಿ ಬಿಗಿ ಇಳಿಸಬೇಕು, ಇಲ್ಲದಿದ್ದರೆ ಬಿಟ್ಟ ಕೂಡಲೇ ತುದಿ ಗಿರ್ರನೆ ತಿರುಗಿ ಬೆರಳಿಗೆ ಗೀರುತ್ತದೆ. ಹಲ್ಲು ಕಚ್ಚಿದ ಎರಡೂ ತುದಿಗಳನ್ನು ಕತ್ತರಿಸಿ ಎಸೆಯಿರಿ. ತಿರುಚಿದ್ದರಿಂದ ತಂತಿ ಇನ್ನಷ್ಟು ಗಡುಸಾಗುತ್ತದೆ ನಿಜ, ಆದರೆ ಹೇಗೂ ಕರಗಿಹೋಗುವುದರಿಂದ ಬೆಸುಗೆಗೆ ಏನೂ ಆಗುವುದಿಲ್ಲ.

ಅಲ್ಯೂಮಿನಿಯಂ ತಂತಿಗೆ ಇಷ್ಟೆಲ್ಲ ಬೇಡ. ಒಂದು ತುದಿ ವೈಸ್‌ಗೆ, ಇನ್ನೊಂದು ಇಕ್ಕಳಕ್ಕೆ, ಒಂದು ಸಲ ಗಟ್ಟಿಯಾಗಿ ಜಗ್ಗಿದರೆ ನೇರ. ಮೆದು ಲೋಹ ಅಲ್ವಾ.

ನೇರ ಮಾಡಿದ ಮೇಲೆ ಒರೆಸುವ ಕೆಲಸ. ಸ್ಪೂಲ್ ತಂತಿಯ ಮೇಲೆ ತಂತಿ ಎಳೆಯುವಾಗ ಹಾಕಿದ ಜಿಡ್ಡು ಸ್ವಲ್ಪ ಉಳಿದಿರುತ್ತದೆ. ಅಸಿಟೋನ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಹಿಡಿದು ಎಳೆಯಿರಿ, ಬಟ್ಟೆಗೆ ಕಲೆ ಹತ್ತದ ತನಕ. ಒಣಗಿದ ಮೇಲೇ ಬಳಸಿ, ಅಸಿಟೋನ್ ಡಬ್ಬ ಆರ್ಕ್‌ನಿಂದ ದೂರ ಇರಲಿ. ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಬೇಡಿ. ಆರ್ಕ್‌ನ ಬಿಸಿಗೂ ಬೆಳಕಿಗೂ ಸಿಕ್ಕಿ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಜೀವಕ್ಕೇ ಅಪಾಯ.

ತಾಮ್ರದ ಲೇಪನ ತೆಗೆಯಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಮೈಲ್ಡ್ ಸ್ಟೀಲ್ ಟಿಗ್ ರಾಡಿನ ಮೇಲೂ ಅದೇ ಲೇಪನ ಇರುತ್ತದೆ.

ಬೆಸೆದು ನೋಡಿದ್ದು ಅದೇ ಪೆಟ್ಟಿಗೆಯ ಮೇಲೆ. ಈ ಸಲ ಇನ್ನೊಂದು ಬದಿ. ಅದೇ 30 ಆಂಪ್. ಕೊಳ ಹುಟ್ಟಿತು, ತಂತಿಯ ತುದಿ ಮುಟ್ಟಿಸಿದೆ, ಹೊಳಪು ಹೋಗಲೇ ಇಲ್ಲ! ತಂತಿ ಒಳಗೆ ಹೋಯಿತು, ಕೊಳ ಒಂಚೂರು ಉಬ್ಬಿತು, ಟಾರ್ಚ್ ಮುಂದಕ್ಕೆ ಸರಿಯಿತು. ಮತ್ತೆ ಮುಟ್ಟಿಸಿದೆ, ಮತ್ತೆ ಅದೇ. ಪೆಡಲ್ ಮೇಲಿನ ಕಾಲು ಅಲುಗಲಿಲ್ಲ. ಎರಡು ಬೆರಳಗಲ ಬೆಸೆದು ನಿಲ್ಲಿಸಿ ಹೆಲ್ಮೆಟ್ ಎತ್ತಿ ನೋಡಿದೆ. ಬೀಡ್ ಸಮವಾಗಿ, ತಗ್ಗಾಗಿ ಕೂತಿತ್ತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲೂ ಸಣ್ಣ ಗೆರೆಯಾಗಿ ಹೊರಬಂದಿತ್ತು. ಅಷ್ಟು ಸಂತೋಷ ಆಯಿತು ನನಗೆ, ಅದನ್ನು ಹಿಡಿದುಕೊಂಡು ಸುಮಾರು ಹೊತ್ತು ನೋಡುತ್ತಲೇ ಕೂತಿದ್ದೆ. ಆಮೇಲೆ ಇದೇ ಥರ ಬೆಸೆದ ಒಂದು ಚೂರನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದು ಬೆಸುಗೆಯ ಮೇಲೇ ಮಡಚಿದೆ. ಬಿರುಕು ಬಿಡಲಿಲ್ಲ.

ತೆಳು ತಂತಿಗೆ ಕೈ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಉದ್ದ ಹಿಡಿದರೆ ತುದಿ ನಡುಗುತ್ತದೆ, ಅದಕ್ಕೆ ನಾನು ಅರ್ಧ ಮೀಟರ್ ತುಂಡುಗಳಾಗಿ ಕತ್ತರಿಸಿಕೊಂಡು ತುದಿಯಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲಿ ಹಿಡಿಯುತ್ತೇನೆ. ದಪ್ಪ ಗ್ಲವ್ಸ್ ಒಳಗೆ 0.8 ತಂತಿ ಇದೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಕನಿಷ್ಠ ಎಡಗೈಗಾದರೂ ತೆಳು ಚರ್ಮದ ಟಿಗ್ ಗ್ಲವ್ಸ್ ಬೇಕು. ಇನ್ನೊಂದು ತೊಂದರೆ, ತಂತಿ ಕೊಳ ಮುಟ್ಟುವ ಮೊದಲೇ ಆರ್ಕ್‌ನ ಬಿಸಿಗೆ ಕರಗಿ ತುದಿಯಲ್ಲಿ ಗುಂಡಾಗುತ್ತದೆ. ಆ ಗುಂಡು ಬಿದ್ದರೆ ಮತ್ತೆ ಗುಡ್ಡೆಯೇ. ತಂತಿಯನ್ನು ತಗಡಿಗೆ ಹತ್ತಿರ ಮಲಗಿಸಿ ಹಿಡಿಯಿರಿ, 10ರಿಂದ 15 ಡಿಗ್ರಿ, ಆರ್ಕ್ ಉದ್ದ ಒಂದು ಒಂದೂವರೆ ಮಿ.ಮೀ. ದಾಟದಿರಲಿ. ಹಿಂದಕ್ಕೆ ಎಳೆದಾಗಲೂ ಬಿಸಿ ತುದಿ ಆರ್ಗಾನ್ ಒಳಗೇ ಇರಬೇಕು, ಹೊರಗೆ ಬಂದರೆ ಕಪ್ಪಾಗುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡುವಾಗ ಗುಂಡಾದ ತುದಿ ಕತ್ತರಿಸಿ. ತಂತಿಯ ಹಿಂದಿನ ತುದಿಯನ್ನು ಮಾತ್ರ ಮರೆಯದೆ ಸಣ್ಣ ಕೊಂಡಿಯ ಹಾಗೆ ಮಡಚಿ. ಇಷ್ಟು ತೆಳು ತಂತಿ ಕಣ್ಣಿಗೆ ಚುಚ್ಚಿದರೆ ಸೂಜಿಯೇ.

ಮುಟ್ಟಿಸಿ ಮುಟ್ಟಿಸಿ ಕೊಡುವುದು ಕಷ್ಟ ಅನ್ನಿಸಿದರೆ, ತಂತಿಯನ್ನು ಜೋಡಣೆಯ ಉದ್ದಕ್ಕೂ ಮಲಗಿಸಿ ಅದರ ಮೇಲೇ ಆರ್ಕ್ ನಡೆಸಿಕೊಂಡು ಹೋಗಬಹುದು. 1.6ರಲ್ಲಿ ಇದನ್ನು ತೆಳು ತಗಡಿಗೆ ಮಾಡಲಾಗುವುದಿಲ್ಲ, 0.8ರಲ್ಲಿ ಚೆನ್ನಾಗಿ ಬರುತ್ತದೆ. ಟ್ಯಾಕ್ ಹತ್ತಿರ ಹತ್ತಿರ ಇರಲಿ, ಎರಡು ಎರಡೂವರೆ ಸೆಂ.ಮೀ.ಗೆ ಒಂದು. ಎಲ್ಲಾದರೂ ಸಂದು ಅಗಲ ಇದ್ದು ಲೋಹ ಜಾಸ್ತಿ ಬೇಕಾದರೆ ಎರಡು ತಂತಿ ಸೇರಿಸಿ ಡ್ರಿಲ್‌ನಲ್ಲೇ ಹೊಸೆಯಿರಿ. ಎರಡು 0.8 ಸೇರಿದರೆ ಲೋಹದ ಲೆಕ್ಕದಲ್ಲಿ ಸುಮಾರು 1.1 ರಾಡಿಗೆ ಸಮ.

ಈ ದಾರಿಯಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ಕತ್ತರಿಸಿದ ತಂತಿಯ ಮೇಲೆ ಯಾವ ಗುರುತೂ ಇರುವುದಿಲ್ಲ. 308ಎಲ್ ಮತ್ತು 309ಎಲ್ ಪಕ್ಕಪಕ್ಕ ಇಟ್ಟರೆ ದೇವರೇ ಬಂದರೂ ಕಣ್ಣಲ್ಲಿ ನೋಡಿ ಹೇಳಲಾಗದು. ಒಂದೊಂದು ಗ್ರೇಡಿಗೂ ಒಂದೊಂದು ಪಿವಿಸಿ ಪೈಪ್ ಮಾಡಿ, ಮುಚ್ಚಳ ಹಾಕಿ, ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಸ್ಪೂಲ್ ಬಿಚ್ಚಿಟ್ಟರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಗಾಳಿ ಆಡದ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ.

ನಾಲ್ಕನೆಯದು ತಗಡಿನ ಪಟ್ಟಿ. ಬೆಸೆಯುವ ತಗಡಿನಿಂದಲೇ 1 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ರಾಡಿನ ಹಾಗೆ ಬಳಸುವುದು. ಹಳಬರ ಉಪಾಯ. 304 ತಗಡಿನ ಸಣ್ಣ ಕೆಲಸಕ್ಕೆ ಚೆನ್ನಾಗೇ ಬಂತು. ಮೈಲ್ಡ್ ಸ್ಟೀಲ್‌ನಲ್ಲಿ ಬೀಡ್ ಗುಳ್ಳೆ ಗುಳ್ಳೆಯಾಯಿತು. ಫಿಲ್ಲರ್ ರಾಡಿನಲ್ಲಿ ಆಮ್ಲಜನಕವನ್ನು ಹಿಡಿದುಹಾಕಲು ಸಿಲಿಕಾನ್, ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಮಾಮೂಲಿ ತಗಡಿನಲ್ಲಿ ಅದು ಅಷ್ಟು ಇರುವುದಿಲ್ಲ. 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಇದನ್ನು ಮಾಡಲೇಬೇಡಿ, ತಣ್ಣಗಾಗುವಾಗಲೇ ಬಿರುಕು ಬಿಡುತ್ತದೆ. ಅದಕ್ಕೆ ಸುಮಾರು 5 ಶೇಕಡಾ ಸಿಲಿಕಾನ್ ಇರುವ ಇಆರ್4043 ಥರದ್ದೇ ಬೇಕು. ಕಟ್ಟುವ ತಂತಿ, ಬಟ್ಟೆ ಹ್ಯಾಂಗರ್ ಇವನ್ನು ಬಳಸಿ ಅನ್ನುವವರೂ ಇದ್ದಾರೆ. ಸತು ಲೇಪನ ಇದ್ದರೆ ಅದರ ಹೊಗೆ ಕುಡಿದು ಜ್ವರ ಬರುತ್ತದೆ, ಬಣ್ಣ ಇದ್ದರೆ ಬೆಸುಗೆ ಕೆಡುತ್ತದೆ. ನನ್ನ ಮಟ್ಟಿಗೆ ಅವು ಲೆಕ್ಕಕ್ಕೇ ಇಲ್ಲ.

0.6 ತಂತಿಯನ್ನೂ ಒಂದು ಸಲ ತಂದೆ, ಅರ್ಧ ಮಿ.ಮೀ. ತಗಡಿಗೆ ಅಂತ. ಕೊಳಕ್ಕೆ ಚೆನ್ನಾಗಿ ಸೇರುತ್ತದೆ, ಆದರೆ ಕೂದಲಿನ ಹಾಗೆ ಬಳುಕುತ್ತದೆ, ಬೆರಳಲ್ಲಿ ತಳ್ಳುವುದು ಕಷ್ಟ. ಹೆಬ್ಬೆರಳಲ್ಲಿ ಚಕ್ರ ಉರುಳಿಸಿ ತಂತಿ ತಳ್ಳುವ ಪೆನ್ನಿನಂಥ ಸಾಧನ ಇದ್ದರೆ ಅನುಕೂಲ. ಅತ್ತ ಒಂದೂವರೆ ಮಿ.ಮೀ. ದಾಟಿದ ತಗಡಿಗೆ 0.8 ಹಿಡಿದು ಕೂತರೆ ಸುಮ್ನೆ ಕೈನೋವು, ಎಷ್ಟು ಕೊಟ್ಟರೂ ಸಾಲುವುದಿಲ್ಲ. ಅಲ್ಲಿ 1.6ಕ್ಕೇ ಮರಳಿ, ಅದರ ಜಾಗ ಅದು.

ಈಗ ನನ್ನ ಬೆಂಚ್ ಪಕ್ಕ ಮೂರು ಪೈಪ್ ನಿಂತಿವೆ: ರೆಡಿ ತಂದ 1.0 308ಎಲ್, ಸ್ಪೂಲ್‌ನಿಂದ ನೇರ ಮಾಡಿದ 0.8 70ಎಸ್-6, ಮತ್ತೆ ದಪ್ಪ ಕೆಲಸಕ್ಕೆ ಹಳೆ 1.6. ಮುಂದಿನದು ಅಲ್ಯೂಮಿನಿಯಂ, 1.0 ಮಿ.ಮೀ. 4043 ಸ್ಪೂಲ್ ಹೇಳಿದ್ದೇನೆ. ಪೆಟ್ಟಿಗೆಯ ಮೊದಲ ಬದಿಯಲ್ಲಿ ಗುಡ್ಡೆಯಾಗಿದ್ದ ಬೆಸುಗೆಯನ್ನು ಕಳೆದ ವಾರ ಪೂರ್ತಿ ಕತ್ತರಿಸಿ ತೆಗೆದೆ, ಹೊಸ ತುಂಡು ಕೂರಿಸಿ ಟ್ಯಾಕ್ ಹಾಕಿಟ್ಟಿದ್ದೇನೆ. ಎರಡು ಮೀಟರ್ ತಂತಿ ವೈಸ್‌ನಲ್ಲಿ ಕಾಯುತ್ತಿದೆ.